ಅಮ್ಮನಿಗೆ ಇನ್ನೂ ಹೇಳಿಲ್ಲ

ಜೂನ್ 2021

ಪ್ರಶ್ನೆ: ನನಗೆ 41 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ವಾಸ. ಅನುದಾನರಹಿತ ಶಾಲೆಯಲ್ಲಿ ಶಿಕ್ಷಕಿ, ಹೋದ ವರ್ಷದಿಂದ ಅರ್ಧ ಸಂಬಳ. ಮೇ ಮೊದಲ ವಾರ ಬೆಂಗಳೂರಿನಲ್ಲಿ ನನ್ನ ಅಣ್ಣ ಕೊರೊನಾದಿಂದ ತೀರಿಕೊಂಡ. ಎರಡು ದಿನ ಹಾಸಿಗೆಗಾಗಿ ಅಲೆದರು. ಹಾಸಿಗೆ ಸಿಕ್ಕ ಮೂರನೇ ದಿನ ಹೋಗಿಬಿಟ್ಟ. ಅತ್ತಿಗೆಯ ತಮ್ಮ ಮೊಬೈಲಿನಲ್ಲಿ ತೋರಿಸಿದ ಚಿತೆಯನ್ನಷ್ಟೇ ನಾನು ನೋಡಿದ್ದು. ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗು ಎಂದು ಹಟ ಹಿಡಿದಿದ್ದರೆ ಉಳಿಯುತ್ತಿದ್ದನೇನೋ. ಅದಾಗಿ ನಾಲ್ಕೇ ದಿನಕ್ಕೆ ನನ್ನ ಗಂಡನಿಗೂ ಅತ್ತೆಯವರಿಗೂ ಸೋಂಕು ತಗುಲಿತು. ಮನೆಯಲ್ಲೇ ನೋಡಿಕೊಂಡೆ, ಇಬ್ಬರೂ ಗುಣವಾದರು. ಕೆಟ್ಟಿರುವವಳು ನಾನು. ಅಣ್ಣನಿಗಾಗಿ ಒಂದು ಹನಿ ಕಣ್ಣೀರು ಬಂದಿಲ್ಲ. ಬರುವುದೆಲ್ಲ ಸಿಟ್ಟು. ಚಪಾತಿ ಬೇಡ ಎಂದದ್ದಕ್ಕೆ ಹನ್ನೊಂದು ವರ್ಷದ ಮಗಳಿಗೆ ಹೊಡೆದುಬಿಟ್ಟೆ. ಅವಳು ಈಗ ಮೂಲೆ ಹಿಡಿದಿದ್ದಾಳೆ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಎದ್ದು ಹೋಗಿ ಮಲಗಿರುವ ಅತ್ತೆಯವರ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತೇನೆ. ಎದೆ ಹಿಂಡಿದಂತಾಗುತ್ತದೆ. ಅವನ ಬದಲು ನಾನೇ ಹೋಗಿದ್ದರೆ ಚೆನ್ನಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ. ಎಲ್ಲರೂ ಗಟ್ಟಿಯಾಗಿರು, ಪಾಸಿಟಿವ್ ಆಗಿ ಯೋಚಿಸು ಎನ್ನುತ್ತಾರೆ. ಹಳ್ಳಿಯಲ್ಲಿ ಚಿಕ್ಕಪ್ಪನ ಪಕ್ಕದ ಮನೆಯಲ್ಲಿರುವ, ಎಪ್ಪತ್ತು ದಾಟಿದ ಅಮ್ಮನಿಗೆ ಇನ್ನೂ ಹೇಳಿಲ್ಲ. ಆಸ್ಪತ್ರೆಯಲ್ಲಿದ್ದಾನೆ ಎಂದೇ ದಿನಾ ಸಂಜೆ ಫೋನಿನಲ್ಲಿ ಹೇಳುತ್ತೇನೆ. ಗೊತ್ತಾದರೆ ಅವಳೂ ಉಳಿಯುವುದಿಲ್ಲ ಎನ್ನುತ್ತಾರೆ ಚಿಕ್ಕಪ್ಪ. ಮೊದಲೆಲ್ಲ ಅವನಿಗೆ ಫೋನು ಕೊಡಿಸು ಎಂದು ಹಟ ಮಾಡುತ್ತಿದ್ದಳು, ಹತ್ತು ದಿನದಿಂದ ಅದನ್ನೂ ಕೇಳುತ್ತಿಲ್ಲ. ಅಸ್ಥಿ ಬಿಡುವುದೂ ಆಗಿಲ್ಲ, ಮಡಕೆ ಅತ್ತಿಗೆಯ ತಮ್ಮನ ಬಳಿಯೇ ಇದೆ, ಊರಿಗೆ ತರಬೇಡಿ ಎಂದಿದ್ದಾರೆ ಊರಿನವರು. ನನ್ನ ಸಿಟ್ಟನ್ನು ಹಿಡಿತಕ್ಕೆ ತಂದುಕೊಳ್ಳುವುದು ಹೇಗೆ?

ಉತ್ತರ: ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿರುವ ಮಾತಿನಿಂದ ಶುರು ಮಾಡುತ್ತೇನೆ. 'ಅವನ ಬದಲು ನಾನೇ ಹೋಗಿದ್ದರೆ ಚೆನ್ನಿತ್ತು' ಎಂದಿದ್ದೀರಿ. ಒಡಹುಟ್ಟಿದವರನ್ನು ಕಳೆದುಕೊಂಡವರಿಂದ ಈ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಹೆಚ್ಚಿನವರ ಬಾಯಲ್ಲಿ ಅದು ಹೋದವರ ಮೇಲಿನ ಮಮತೆ. ಆದರೆ ಎದುರಿಗೆ ಕೂರಿಸಿಕೊಂಡು ಕೇಳದೆ ಅದನ್ನು ತೂಗಲು ನನಗೆ ಆಗದು. ಆದ್ದರಿಂದ ನೇರವಾಗಿಯೇ ಕೇಳುತ್ತೇನೆ: ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ? ಹೇಗೆ, ಯಾವಾಗ ಎಂದು ಮನಸ್ಸು ಲೆಕ್ಕ ಹಾಕಿದ್ದುಂಟೇ? ಹೌದಾದರೆ ಈ ಪತ್ರವನ್ನು ಪಕ್ಕಕ್ಕಿಟ್ಟು ಈಗಲೇ ನಿಮ್ಮ ಗಂಡನಿಗೆ ಹೇಳಿ, ಒಬ್ಬರೇ ಇರಬೇಡಿ. ನಿಮ್ಹಾನ್ಸ್‌ನ ಸಹಾಯವಾಣಿ 080-46110007ಕ್ಕೆ ಕರೆ ಮಾಡಿ. ಈ ಪಿಡುಗಿನ ಕಾಲದ ಮನಸ್ಸಿನ ಸಂಕಟಕ್ಕೆಂದೇ ಹೋದ ವರ್ಷ ಶುರುವಾದ ಸಂಖ್ಯೆ ಅದು, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ರಾಜ್ಯದ ಆರೋಗ್ಯ ಸಹಾಯವಾಣಿ 104 ಕೂಡ ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಲು ಯಾರ ಶಿಫಾರಸೂ ಬೇಕಿಲ್ಲ. ಅಂಥ ಯೋಚನೆ ಇಲ್ಲ ಎಂದಾದರೂ ಈ ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಎರಡನೆಯದು ಎದೆ ಹಿಂಡುವ ವಿಷಯ. ಆತಂಕದಿಂದ ಎದೆ ಬಿಗಿಯುವುದು ನಿಜ, ಆದರೆ ಪರೀಕ್ಷೆ ಮಾಡದೆ ಅದನ್ನು ಆತಂಕ ಎಂದು ಕರೆಯುವುದು ತಪ್ಪು. ನಲವತ್ತು ದಾಟಿದ ಹೆಂಗಸರ ಎದೆನೋವನ್ನು 'ಟೆನ್ಷನ್' ಎಂದು ತಳ್ಳಿಹಾಕಿ ಎಡವಿದ ಪ್ರಸಂಗಗಳನ್ನು ನಾನು ನೋಡಿದ್ದೇನೆ. ಒಮ್ಮೆ ಇಸಿಜಿ ಮಾಡಿಸಿ, ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಇಬ್ಬರು ರೋಗಿಗಳನ್ನು ವಾರಗಟ್ಟಲೆ ನೋಡಿಕೊಂಡವರ ದೇಹ ದಣಿದಿರುತ್ತದೆ, ಆ ದಣಿವಿಗೂ ಸಿಡುಕಿಗೂ ಹತ್ತಿರದ ನಂಟು. ಇನ್ನೊಂದು ಮಾತು. ನಿದ್ದೆಗೆಂದು ಯಾರೋ ಹೇಳಿದ ಮಾತ್ರೆಯನ್ನು ಔಷಧದ ಅಂಗಡಿಯಿಂದ ತಂದು ನುಂಗಬೇಡಿ. ಈ ಎರಡು ತಿಂಗಳಲ್ಲಿ ಹಾಗೆ ಶುರು ಮಾಡಿ, ಈಗ ಬಿಡಲಾಗದೆ ನನ್ನ ಬಳಿ ಬರುತ್ತಿರುವವರಿದ್ದಾರೆ.

ಇನ್ನು ಸಿಟ್ಟು. ಅದು ಏರುವುದಕ್ಕೆ ಮುಂಚೆ ದೇಹದಲ್ಲಿ ಒಂದು ಗುರುತು ತೋರುತ್ತದೆ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರ ಕಿವಿ ಬಿಸಿಯಾಗುತ್ತದೆ, ಕೆಲವರು ಪಾತ್ರೆಗಳನ್ನು ಸದ್ದು ಮಾಡಿ ಇಡತೊಡಗುತ್ತಾರೆ. ನಿಮ್ಮ ಗುರುತು ಯಾವುದು ಎಂದು ನಿಮಗಿಂತ ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಿ. ಆ ಗುರುತು ಕಂಡ ಕೂಡಲೇ ಒಲೆ ಆರಿಸಿ ಹಿತ್ತಲಿಗೋ ಬಚ್ಚಲಿಗೋ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ. ಹೋಗುವ ಮುಂಚೆ ಒಂದು ಮಾತು ಹೇಳಿ ಹೋಗಬೇಕು: 'ನನಗೆ ಸಿಟ್ಟು ಬಂದಿದೆ, ಹತ್ತು ನಿಮಿಷ ಬಿಟ್ಟು ಬಂದು ಮಾತನಾಡುತ್ತೇನೆ.' ಹೇಳಿದಂತೆ ಬರಲೂಬೇಕು. ಬಾರದೆ ಉಳಿದರೆ, ಮಾತು ಬಿಟ್ಟ ತಾಯಿಗಿಂತ ಬೈಯುವ ತಾಯಿಯೇ ವಾಸಿ ಎನಿಸುತ್ತದೆ ಮಗುವಿಗೆ.

ಮಗಳ ವಿಷಯದಲ್ಲಿ ನೀವು ಇವತ್ತೇ ಮಾಡಬಹುದಾದದ್ದು ಇದೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, 'ನಾನು ಹೊಡೆದದ್ದು ತಪ್ಪು. ಚಪಾತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮಾವನನ್ನು ನೆನೆದು ನನಗೆ ಸಂಕಟವಾಗುತ್ತಿದೆ' ಎಂದು ಹೇಳಿ. 'ಆದರೆ ನೀನೂ ಹಾಗೆ ಮಾಡಬಾರದಿತ್ತು' ಎಂಬ ಬಾಲವನ್ನು ಸೇರಿಸಬೇಡಿ. ನಿಮ್ಮ ಪತ್ರದಲ್ಲಿ ಮಗಳು ಬರುವುದು ನಿಮ್ಮ ಸಿಟ್ಟಿಗೆ ಗುರಿಯಾದವಳಾಗಿ ಮಾತ್ರ. ಅವಳು ಸೋದರಮಾವನನ್ನು ಕಳೆದುಕೊಂಡ ಹುಡುಗಿ ಎಂಬುದನ್ನು ಎಲ್ಲರೂ ಮರೆತಂತಿದೆ. ನಮ್ಮ ಕಡೆ ಮಗುವಿನ ಕಿವಿ ಚುಚ್ಚುವುದೂ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಅಲ್ಲವೇ? ಅವಳಿಗೆ ಸುದ್ದಿಯನ್ನು ಯಾರು, ಹೇಗೆ ಹೇಳಿದರು? ಇಲ್ಲಾ ಗೋಡೆಯಾಚೆಯ ಫೋನಿನ ಮಾತಿನಿಂದ ತಿಳಿದುಕೊಂಡಳೇ? ಅಜ್ಜಿಗೆ ಅಮ್ಮ ದಿನವೂ ಹೇಳುವ ಸುಳ್ಳನ್ನು ಅವಳು ಕೇಳಿಸಿಕೊಳ್ಳುತ್ತಿದ್ದಾಳೆ. ಈ ವಯಸ್ಸಿನ ಮಕ್ಕಳು ದುಃಖವನ್ನು ಮಾತಿನಲ್ಲಿ ಹೇಳುವುದು ಕಡಿಮೆ. ಹೊಟ್ಟೆನೋವು ಎನ್ನುತ್ತಾರೆ, ಊಟ ಬೇಡ ಎನ್ನುತ್ತಾರೆ. ಆ ಚಪಾತಿ ಯಾಕೆ ಬೇಡವಾಗಿತ್ತು ಎಂದು ಒಮ್ಮೆ ನಿಧಾನವಾಗಿ ಕೇಳಿ ನೋಡಿ.

ರಾತ್ರಿಯ ಮೂರು ಗಂಟೆ. ನಡುರಾತ್ರಿ ಕಳೆದು ಬೆಳಗಿನ ಕಡೆಗೆ ತಿರುಗುವ ಆ ಹೊತ್ತಿನಲ್ಲಿ ನಿದ್ದೆ ತೆಳುವಾಗಿರುತ್ತದೆ, ಕಾರ್ಟಿಸಾಲ್ ಎಂಬ ರಸದೂತ (ಹಾರ್ಮೋನು) ರಕ್ತದಲ್ಲಿ ಏರತೊಡಗಿರುತ್ತದೆ. ಮೊದಲೇ ಹೆದರಿದ ಮನಸ್ಸು ಎಚ್ಚರಗೊಳ್ಳಲು ಅಷ್ಟು ಸಾಕು. ಆಗ ಬರುವ ಯೋಚನೆಗಳು ಹಗಲಿನವಕ್ಕಿಂತ ಕಪ್ಪಾಗಿರುತ್ತವೆ. ಆ ಹೊತ್ತಿನಲ್ಲಿ ಯಾವ ತೀರ್ಮಾನವನ್ನೂ ಮಾಡಬಾರದು ಎಂಬ ಕಟ್ಟಳೆ ಹಾಕಿಕೊಳ್ಳಿ. ಇಪ್ಪತ್ತು ನಿಮಿಷದಲ್ಲಿ ಮತ್ತೆ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಗಡಿಯಾರವನ್ನೂ ನೋಡಬೇಡಿ. ಎದ್ದು ಪಡಸಾಲೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತು ಅವರೆಕಾಯಿ ಸುಲಿಯುವಂಥ, ಬಟ್ಟೆ ಮಡಿಸುವಂಥ ಕೆಲಸ ಮಾಡಿ, ಕಣ್ಣು ಎಳೆದಾಗ ಹೋಗಿ ಮಲಗಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಕೂಡದು.

ಆಕ್ಸಿಮೀಟರನ್ನು ಒಂದೇ ಸಲಕ್ಕೆ ಬಿಡಿ ಎಂದು ನಾನು ಹೇಳುವುದಿಲ್ಲ. ಮೇ ತಿಂಗಳಿನಲ್ಲಿ ಆ ಪುಟ್ಟ ಯಂತ್ರವೇ ನಿಮಗೆ ಕಾವಲಾಗಿತ್ತು, ರಕ್ತದ ಆಮ್ಲಜನಕ 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಓಡಬೇಕು ಎಂದು ಎಲ್ಲರೂ ಕಲಿಸಿದ್ದರು. ಅತ್ತೆಯವರು ಗುಣವಾಗಿದ್ದಾರೆ ಎಂದು ಈಗ ನಿಮ್ಮ ಬುದ್ಧಿಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿಲ್ಲ. ಪ್ರತಿ ಸಲ 97 ಎಂದು ಕಂಡಾಗ ಒಂದು ಗಳಿಗೆ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಮರುದಿನ ಮತ್ತೆ ನಿಮ್ಮನ್ನು ಎಬ್ಬಿಸುತ್ತದೆ. ಆದ್ದರಿಂದ ಈ ವಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೂ ಅತ್ತೆಯವರು ಎಚ್ಚರವಾಗಿರುವಾಗ ಅವರ ಕೈಯಿಂದಲೇ ನೋಡಿಸಿ. ಮುಂದಿನ ವಾರ ಬೆಳಿಗ್ಗೆ ಮಾತ್ರ. ಆಮೇಲೆ ಅದು ಬೀರುವಿನೊಳಗೆ ಹೋಗಲಿ. ರಾತ್ರಿ ಅದು ನಿಮ್ಮ ಗಂಡನ ದಿಂಬಿನ ಕೆಳಗಿರಲಿ, ನೀವು ಕೇಳಿದರೂ ಕೊಡಬಾರದೆಂದು ಹಗಲಿನಲ್ಲೇ ಒಪ್ಪಂದ ಮಾಡಿಕೊಳ್ಳಿ.

ಆ ಗಳಿಗೆಯಲ್ಲಿ ಕೈಗೆ ಬೇರೆ ಕೆಲಸ ಬೇಕಾಗುತ್ತದೆ. ಎದ್ದು ಕುಳಿತು ಪಾದಗಳನ್ನು ನೆಲಕ್ಕೆ ಊರಿ, ಎಡ ಮಣಿಕಟ್ಟಿನ ನಾಡಿಯನ್ನು ಬಲಗೈ ಬೆರಳುಗಳಿಂದ ಹಿಡಿಯಿರಿ. ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ನಾಲ್ಕೈದು ಸಲವಾದ ಮೇಲೆ ಗಮನಿಸಿದರೆ ಉಸಿರು ಒಳಗೆ ಹೋಗುವಾಗ ನಾಡಿ ತುಸು ಬಿರುಸಾಗುವುದು, ಹೊರಗೆ ಬರುವಾಗ ತುಸು ನಿಧಾನವಾಗುವುದು ಬೆರಳಿಗೆ ತಿಳಿಯಬಹುದು. ಮಿದುಳಿನಿಂದ ಹೊರಟು ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರದ ಕೆಲಸ ಅದು. ಉದ್ದನೆಯ ನಿಶ್ವಾಸ ಆ ನರವನ್ನು ಚುರುಕುಗೊಳಿಸಿ ಹೃದಯದ ಓಟಕ್ಕೆ ಲಗಾಮು ಹಾಕುತ್ತದೆ. ಐದು ನಿಮಿಷ ಸಾಕು. ಉಸಿರು ಕಟ್ಟಿ ಹಿಡಿಯುವ ಅಭ್ಯಾಸಗಳನ್ನು ಸದ್ಯಕ್ಕೆ ಮಾಡಬೇಡಿ, ಸೋಂಕಿನಿಂದ ಈಗಷ್ಟೇ ಎದ್ದಿರುವ ಅತ್ತೆಯವರಿಗೂ ಗಂಡನಿಗೂ ಅದು ಬೇಡವೇ ಬೇಡ.

ಟಿವಿ ಮತ್ತು ವಾಟ್ಸ್ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆಯ ಆರೋಗ್ಯ ಇಲಾಖೆಯ ಅಂಕಿಅಂಶ ಒಮ್ಮೆ, ಬೆಳಗಿನ ಪತ್ರಿಕೆ ಒಮ್ಮೆ. ಚಿತೆಗಳನ್ನು ಮೇಲಿನಿಂದ ತೋರಿಸುವ ದೃಶ್ಯಗಳನ್ನು ನೀವು ಇನ್ನು ನೋಡಬೇಕಿಲ್ಲ.

ಇಷ್ಟೆಲ್ಲ ಮಾಡಿದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ, ನಿದ್ದೆ ಸ್ವಲ್ಪ ಬರುತ್ತದೆ. ಆದರೆ ನೀವು ಕೇಳಿರುವ ಪ್ರಶ್ನೆಯ ಬೇರು ಇಲ್ಲಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿದೆ.

ನಿಮ್ಮ ಪತ್ರದಲ್ಲಿ 'ಸಿಟ್ಟು' ಎಂಬ ಒಂದು ಪದ ಎಷ್ಟೊಂದು ಹೊರೆ ಹೊತ್ತಿದೆ. ನನ್ನ ಬಳಿ ಬರುವವರಿಗೆ ನಾನು ಮೊದಲು ಹೇಳುವ ಕೆಲಸ, ಒಂದು ವಾರ ಪ್ರತಿದಿನ ಸಂಜೆ ಹತ್ತು ನಿಮಿಷ ಕುಳಿತು ಆ ದಿನ ಮನಸ್ಸಿಗೆ ಆದದ್ದನ್ನು ಸರಿಯಾದ ಹೆಸರಿನಿಂದ ಬರೆಯುವುದು. 'ಬೇಜಾರು', 'ಟೆನ್ಷನ್' ಈ ಎರಡು ಪದಗಳಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ನಮ್ಮ ಭಾಷೆಯಲ್ಲಿ ದಿಗಿಲು ಬೇರೆ, ಕಳವಳ ಬೇರೆ, ತಳಮಳ ಬೇರೆ. ಬೇಗುದಿ ಎಂದರೆ ಒಳಗೊಳಗೇ ಬೇಯುವುದು. ಅಳಲು ಎಂಬ ಪದದೊಳಗೇ ಅಳು ಇದೆ. ಹೆಸರು ಸರಿಯಾಗಿ ಸಿಕ್ಕಾಗ ಭಾವನೆಯ ಬಿರುಸು ತಗ್ಗುತ್ತದೆ ಎಂಬುದನ್ನು ಮಿದುಳಿನ ಚಿತ್ರ ತೆಗೆದು ನೋಡಿದ ಸಂಶೋಧನೆಗಳೂ ತೋರಿಸಿವೆ. ನಮ್ಮ ಕಾವ್ಯಮೀಮಾಂಸೆಯವರು ಭಾವಗಳನ್ನು ಸ್ಥಾಯಿ, ಸಂಚಾರಿ ಎಂದು ಬೇರ್ಪಡಿಸಿದ್ದರಲ್ಲ, ಚಿಕಿತ್ಸೆಯ ಕೋಣೆಯಲ್ಲಿ ಅದು ನನಗೆ ಎಷ್ಟೋ ಸಲ ನೆರವಾಗಿದೆ. ಚಿಂತೆ, ಶಂಕೆ, ಗ್ಲಾನಿ ಎಂಬ ಬಳಲಿಕೆ, ಅಮರ್ಷ ಎಂಬ ಅಸಹನೆ ಇವೆಲ್ಲ ಸಂಚಾರಿಗಳು, ಅಲೆಗಳಂತೆ ಬಂದು ಹೋಗುವಂಥವು. ಶೋಕ ಸ್ಥಾಯಿ, ಕೆಳಗೆ ನಿಂತಿರುವುದು. ನೀವು ಹಗಲೂ ರಾತ್ರಿ ಹೋರಾಡುತ್ತಿರುವುದು ಮೇಲಿನ ಅಲೆಗಳೊಂದಿಗೆ. ಕೆಳಗಿರುವ ಶೋಕವನ್ನು ಮುಟ್ಟಲು ಯಾರೂ ನಿಮಗೆ ಆಸ್ಪದ ಕೊಟ್ಟಿಲ್ಲ.

ಸಾವಿನ ಸುತ್ತ ನಮ್ಮವರು ಎಷ್ಟು ಕೆಲಸಗಳನ್ನು ಇಟ್ಟಿದ್ದರು ನೋಡಿ. ಸುದ್ದಿ ಮುಟ್ಟಿದ ಕೂಡಲೇ ಬಸ್ ಹತ್ತಿ ಹೋಗುವುದು, ಮುಖ ನೋಡುವುದು, ಹೆಗಲು ಕೊಡುವುದು, ಮಣ್ಣು ಹಾಕುವುದು ಅಥವಾ ಕೊಳ್ಳಿ ಇಡುವುದು, ಮೂರನೇ ದಿನ ಹಾಲು ತುಪ್ಪ, ಹನ್ನೊಂದನೇ ದಿನ ತಿಥಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತಂದಿಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ 'ಮಾತನಾಡಿಸಿಕೊಂಡು ಹೋಗೋಣ ಎಂದು ಬಂದೆ' ಎನ್ನುತ್ತಾ ಯಾರಾದರೂ ಬರುತ್ತಲೇ ಇರುತ್ತಾರೆ. ಬಂದ ಪ್ರತಿಯೊಬ್ಬರೂ ಹೇಗಾಯಿತು ಎಂದು ಕೇಳುತ್ತಾರೆ, ಮನೆಯವರು ಮೊದಲಿನಿಂದ ಹೇಳುತ್ತಾರೆ, ಹೇಳುತ್ತಾ ಅಳುತ್ತಾರೆ. ಇದರಲ್ಲಿ ಕೆಲವನ್ನು ನಾನು ಚಿಕ್ಕವಳಿದ್ದಾಗ ಹಿಂಸೆ ಎಂದುಕೊಂಡಿದ್ದೆ. ನಲವತ್ತು ಸಲ ಹೇಳಿದ ಮೇಲೆಯೇ ಸಾವು ನಿಜ ಎಂದು ಮನಸ್ಸು ಒಪ್ಪುತ್ತದೆ ಎಂಬುದನ್ನು ಅರಿಯಲು ನನಗೆ ಈ ವೃತ್ತಿಯೇ ಬೇಕಾಯಿತು. 1898ರಲ್ಲಿ ಪ್ಲೇಗ್ ಬಂದಾಗಲೂ ಬೆಂಗಳೂರಿನ ಜನ ಮನೆಗಳನ್ನು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಪ್ಲೇಗಮ್ಮನ ಗುಡಿಗಳು ಈಗಲೂ ನಮ್ಮ ನಡುವೆ ಇವೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಾದಾಗಿನಿಂದ ನಮ್ಮನ್ನು ಹಿಡಿದಿರುವ ಭಯ ಬೇರೆ ಬಗೆಯದು. ಸತ್ತವರ ಹತ್ತಿರ ಹೋಗುವುದಿರಲಿ, ಸತ್ತವರ ಮನೆಯವರ ಹತ್ತಿರವೂ ಹೋಗದಂತೆ ಮಾಡಿತು. ನಿಮಗೆ ಸಿಕ್ಕಿದ್ದು ಅಂಗೈಯಗಲದ ಪರದೆಯ ಮೇಲೆ ಒಂದು ಬೆಂಕಿ. ಅದರೊಳಗೆ ಅಣ್ಣನಿದ್ದ ಎಂದು ನಿಮ್ಮ ಕಣ್ಣು ಹೇಗೆ ನಂಬೀತು? ಅಳು ಬಾರದಿರುವುದು ನಿಮ್ಮ ಮನಸ್ಸು ಕಲ್ಲಾದ ಗುರುತಲ್ಲ.

'ಹಟ ಹಿಡಿದಿದ್ದರೆ ಉಳಿಯುತ್ತಿದ್ದನೇನೋ' ಎಂಬುದಕ್ಕೆ ಬರುತ್ತೇನೆ. ಈ ಮಾತಿಗೆ 'ಹಾಗೆಲ್ಲ ಅಂದುಕೊಳ್ಳಬೇಡಿ' ಎಂಬ ಉತ್ತರ ಕೇಳಿ ಕೇಳಿ ನಿಮಗೆ ಸಾಕಾಗಿರಬೇಕು. ನಾನು ಆ ವಾರವನ್ನು ನೆನಪಿಸುತ್ತೇನೆ. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಮಂದಿಗೆ ಸೋಂಕು ದೃಢಪಟ್ಟಿತು, ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರಿನಲ್ಲೇ. ಹಾಸಿಗೆ, ಆಮ್ಲಜನಕ, ಆಂಬುಲೆನ್ಸ್, ಕೊನೆಗೆ ಚಿತಾಗಾರದಲ್ಲಿ ಸರದಿ, ಯಾವುದೂ ಸುಲಭವಾಗಿ ಸಿಗದ ವಾರ ಅದು. ಜ್ವರ ಬಂದ ಮೊದಲ ದಿನ ಆಸ್ಪತ್ರೆಗೆ ಹೋದ ಬಹಳ ಮಂದಿಯನ್ನು ಆಗ ಮನೆಯಲ್ಲೇ ಇರಿ ಎಂದು ವಾಪಸ್ ಕಳುಹಿಸಿದ್ದರು. ಸೌಮ್ಯ ಲಕ್ಷಣಗಳಿದ್ದವರಿಗೆ ಮನೆಯಲ್ಲೇ ಆರೈಕೆ ಎಂಬುದು ಅಂದಿನ ಕ್ರಮವೂ ಆಗಿತ್ತು. ನೀವು ಇಂದಿನ ತಿಳಿವಳಿಕೆಯನ್ನು ಅಂದಿನ ನಿಮ್ಮ ಕೈಗೆ ಕೊಟ್ಟು, ಏಕೆ ಬಳಸಲಿಲ್ಲ ಎಂದು ಅವಳನ್ನು ದಂಡಿಸುತ್ತಿದ್ದೀರಿ. ಒಂದು ಹಾಳೆಯಲ್ಲಿ ಆ ಐದು ದಿನಗಳನ್ನು ದಿನಾಂಕ ಹಾಕಿ ಬರೆಯಿರಿ. ಪ್ರತಿದಿನದ ಎದುರು 'ಅಂದು ನನಗೆ ಗೊತ್ತಿದ್ದದ್ದು' ಎಂದಷ್ಟೇ ಬರೆಯಿರಿ, ಆಮೇಲೆ ಗೊತ್ತಾದದ್ದನ್ನು ಸೇರಿಸಬೇಡಿ. ಬರೆದದ್ದನ್ನು ಅತ್ತಿಗೆಗೆ ಫೋನಿನಲ್ಲಿ ಓದಿ ಹೇಳಿ. ಇದೇ ಲೆಕ್ಕವನ್ನು ಅವರೂ ರಾತ್ರಿಯೆಲ್ಲ ಒಬ್ಬರೇ ಹಾಕುತ್ತಿರಬಹುದು.

ಈಗ ನಿಮ್ಮ ತಾಯಿ. ಅವರಿಗೆ ಹೇಳಬೇಕು. ಇದೇ ನನ್ನ ಉತ್ತರದ ತಿರುಳು, ಉಳಿದದ್ದೆಲ್ಲ ಅಲ್ಲಿಯವರೆಗೆ ನಿಮ್ಮನ್ನು ನಿಲ್ಲಿಸುವ ಊರೆಗೋಲು. ಪ್ರತಿ ಸಂಜೆ ಸತ್ತ ಅಣ್ಣನನ್ನು ಫೋನಿನಲ್ಲಿ ಬದುಕಿಸಿ, 'ಇವತ್ತು ಗಂಜಿ ಕುಡಿದನಂತೆ' ಎಂದು ಹೇಳುವವಳಿಗೆ ಅಳು ಬರುವುದಾದರೂ ಹೇಗೆ? ಅತ್ತರೆ ಗಂಟಲು ಒಡೆದು ಸುಳ್ಳು ಹೊರಬೀಳುತ್ತದೆ. ಅದಕ್ಕೇ ನಿಮ್ಮ ದೇಹ ಅಳುವಿನ ಬಾಗಿಲನ್ನು ಹಾಕಿಕೊಂಡಿದೆ, ಉಳಿದ ಒಂದೇ ಬಾಗಿಲಾದ ಸಿಟ್ಟಿನಿಂದ ಎಲ್ಲವೂ ಹೊರಬರುತ್ತಿದೆ.

ನಿಮ್ಮ ಚಿಕ್ಕಪ್ಪನ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರು ತಮ್ಮ ಅತ್ತಿಗೆಯನ್ನು, ಅಂದರೆ ನಿಮ್ಮ ತಾಯಿಯನ್ನು, ಕಾಪಾಡಲು ಹೊರಟವರು. ಆದರೆ ನಿಮ್ಮ ತಾಯಿ ಹತ್ತು ದಿನದಿಂದ ಫೋನು ಕೊಡಿಸು ಎನ್ನುತ್ತಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಮಗ ಆಸ್ಪತ್ರೆಯಲ್ಲಿದ್ದಾನೆ ಎಂದು ನಂಬಿದ ತಾಯಿ ಕೇಳುವುದನ್ನು ನಿಲ್ಲಿಸುವುದಿಲ್ಲ. ಅವರಿಗೆ ಗೊತ್ತಾಗಿದೆ, ಅಥವಾ ಗೊತ್ತಾಗುವ ಅಂಚಿನಲ್ಲಿದ್ದಾರೆ. ನಿಮಗೆ ನೋವಾಗದಿರಲಿ ಎಂದು ಅವರೂ ನಿಮ್ಮ ಸುಳ್ಳನ್ನು ಕಾಯುತ್ತಿರಬಹುದು. ನನ್ನ ಅಜ್ಜಿಗೆ ಅವರ ತಮ್ಮನ ಸಾವನ್ನು ನಮ್ಮ ಮನೆಯವರು ಐದು ತಿಂಗಳು ಹೇಳಿರಲಿಲ್ಲ. ಕೊನೆಗೆ ಹೇಳಿದಾಗ ಅಜ್ಜಿ ಅಳಲಿಲ್ಲ. 'ಗೊತ್ತಿತ್ತು. ಜೊತೆಗೆ ಕೂತು ಅಳಲು ಒಬ್ಬರೂ ಇರಲಿಲ್ಲವಲ್ಲ' ಎಂದರು. ಅಂದು ನಾನು ವೈದ್ಯಕೀಯ ಓದುತ್ತಿದ್ದೆ, ಹೇಳುವುದು ಬೇಡ ಎಂದವರಲ್ಲಿ ನಾನೂ ಒಬ್ಬಳು.

ಹೇಳುವುದು ಹೇಗೆ? ಫೋನಿನಲ್ಲಿ ಬೇಡ. ಬೆಂಗಳೂರಿನಲ್ಲಿ ಜೂನ್ 14ರಿಂದ ನಿರ್ಬಂಧ ಸಡಿಲವಾಗಿದ್ದರೂ ಹಾಸನವೂ ಸೇರಿ ಹನ್ನೊಂದು ಜಿಲ್ಲೆಗಳಲ್ಲಿ 21ರವರೆಗೆ ಲಾಕ್‌ಡೌನ್ ಇದೆ. ಆ ದಿನಗಳನ್ನು ಸಿದ್ಧತೆಗೆ ಬಳಸಿ. ಮೊದಲು ಚಿಕ್ಕಪ್ಪನ ಹತ್ತಿರ ಮಾತನಾಡಿ. ಅವರನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ. 'ಬೇರೆ ಯಾರದೋ ಬಾಯಿಂದ ಅಂಗಳದಲ್ಲಿ ಕೇಳಿಸಿಕೊಂಡರೆ ಆಗ ಅವಳ ಪಕ್ಕದಲ್ಲಿ ಯಾರಿರುತ್ತಾರೆ?' ಎಂದು ಕೇಳಿ. ಊರಿಗೆಲ್ಲ ಗೊತ್ತಿರುವ ಸುದ್ದಿ ಅದು. ತಾಯಿಯ ರಕ್ತದೊತ್ತಡದ, ಸಕ್ಕರೆಯ ಮಾತ್ರೆಗಳಿದ್ದರೆ ತಪ್ಪದೆ ನಡೆಯುತ್ತಿವೆಯೇ ವಿಚಾರಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಯಾವ ದಿನ ಹೇಳುತ್ತೀರಿ ಎಂದು ಮುಂಚೆಯೇ ತಿಳಿಸಿಡಿ. ಬೆಳಗಿನ ಹೊತ್ತು, ಅವರ ತಿಂಡಿ ಮಾತ್ರೆ ಮುಗಿದ ಮೇಲೆ ಹೋಗಿ. ಇಡೀ ದಿನ, ಸಾಧ್ಯವಾದರೆ ಎರಡು ದಿನ, ಅಲ್ಲೇ ಇರಲು ಸಿದ್ಧರಾಗಿ ಹೋಗಿ.

ಜಗಲಿಯ ಮೇಲೆ, ಗಾಳಿಯಾಡುವ ಕಡೆ ಕುಳಿತುಕೊಳ್ಳಿ. ಮಾಸ್ಕ್ ಇರಲಿ, ಕೈ ತೊಳೆದಿರಲಿ, ಆದರೆ ಅವರ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಲೇಬೇಕು. ಸುತ್ತಿ ಬಳಸಿ ಮಾತು ಬೇಡ. 'ಸ್ವಲ್ಪ ಸೀರಿಯಸ್' ಎಂದು ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ನಮ್ಮಲ್ಲಿ ರೂಢಿ, ಪ್ರತಿ ಮೆಟ್ಟಿಲಿನಲ್ಲೂ ತಾಯಿಗೆ ಹೊಸ ಆಸೆ ಹುಟ್ಟಿ ಸಾಯುತ್ತದೆ. 'ಅಮ್ಮಾ, ಒಂದು ಕೆಟ್ಟ ಸುದ್ದಿ ಹೇಳಲು ಬಂದಿದ್ದೇನೆ. ಅಣ್ಣ ತೀರಿಕೊಂಡ. ಮೇ ತಿಂಗಳಲ್ಲೇ ತೀರಿಕೊಂಡ. ನಿನ್ನನ್ನು ಕಳೆದುಕೊಳ್ಳುವ ಭಯಕ್ಕೆ ಇಷ್ಟು ದಿನ ಹೇಳಲಿಲ್ಲ' ಎಂದು ಹೇಳಿ, ಸುಮ್ಮನಾಗಿ. ಆ ಮೌನವನ್ನು ತುಂಬಲು ಆತುರಪಡಬೇಡಿ. ಅವರು ಕಿರುಚಬಹುದು, ಎದೆ ಬಡಿದುಕೊಳ್ಳಬಹುದು, ನಿಮ್ಮನ್ನು ಬೈಯಬಹುದು, ಕೈ ಕೊಡವಿಕೊಳ್ಳಬಹುದು. ಬೈಗುಳವನ್ನು ಕೇಳಿಸಿಕೊಳ್ಳಿ, ಸಮಜಾಯಿಷಿ ಕೊಡಬೇಡಿ. 'ಅಳಬೇಡಮ್ಮ' ಎನ್ನಲು ಬಂದ ನೆಂಟರನ್ನು ಮೆಲ್ಲಗೆ ಒಳಗೆ ಕಳುಹಿಸಿ. ತಾಯಿ ಕೇಳಿದ್ದಕ್ಕೆಲ್ಲ ಗೊತ್ತಿದ್ದಷ್ಟು ನಿಜವನ್ನೇ ಹೇಳಿ: ಕೊನೆಗೆ ಯಾರಿದ್ದರು, ನೋವಿತ್ತೇ, ಏನು ಬಟ್ಟೆ ಉಟ್ಟಿದ್ದ, ಬೆಂಕಿ ಇಟ್ಟವರು ಯಾರು. ಇವೆಲ್ಲ ನೀವು ಯಾರಿಗೂ ಈವರೆಗೆ ಹೇಳಿಲ್ಲ. ಹೇಳುತ್ತಿರುವಾಗ ನಿಮಗೆ ಅಳು ಬಂದರೆ ತಡೆಯಬೇಡಿ.

ಆಮೇಲಿನ ವಾರಗಳಲ್ಲಿ ಅವರು ಊಟ ನಿದ್ದೆ ಪೂರ್ತಿ ಬಿಟ್ಟರೆ, ಅಥವಾ ನಿಮ್ಮ ಕಣ್ಣಿಗೇ ಈ ಕತ್ತಲೆ ಎರಡು ವಾರ ಕಳೆದರೂ ತೆಳುವಾಗದಿದ್ದರೆ, ಮನೋವೈದ್ಯರನ್ನು ಕಾಣಿ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ, ನಿಮ್ಮಲ್ಲಿ ಈಗ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ಕೇಳಿ. ಬೇಕಾದರೆ ಔಷಧವೂ ಇದೆ, ಅದರಿಂದ ದುಃಖ ಅಳಿಸಿಹೋಗುವುದಿಲ್ಲ, ಅದನ್ನು ಹೊರುವ ಶಕ್ತಿ ಮರಳುತ್ತದೆ.

ಅಸ್ಥಿಯ ವಿಷಯ ಉಳಿಯಿತು. ಊರಿಗೆ ತರಬೇಡಿ ಎಂದವರಿಗೆ ಹೇಳಿ: ಚಿತಾಭಸ್ಮದಿಂದ ಸೋಂಕಿನ ಅಪಾಯವಿಲ್ಲ, ಅಂತ್ಯವಿಧಿಗಾಗಿ ಅದನ್ನು ಪಡೆಯಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನ ಮಾರ್ಗಸೂಚಿಯಲ್ಲೇ ಬರೆದಿದೆ. ಈ ತಿಂಗಳ ಆರಂಭದಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ, ಮನೆಯವರು ಬಂದು ಒಯ್ಯದ ನೂರಾರು ಮಂದಿಯ ಅಸ್ಥಿಯನ್ನು ಸರ್ಕಾರವೇ ಕಾವೇರಿಯಲ್ಲಿ ಬಿಟ್ಟಿತು. ನಿಮ್ಮ ಅಣ್ಣನ ಮಡಕೆಯನ್ನು ಅತ್ತಿಗೆಯ ತಮ್ಮ ಇಷ್ಟು ದಿನ ಜೋಪಾನ ಮಾಡಿದ್ದಾರೆ. ದಾರಿ ತೆರೆದ ಮೇಲೆ ಅತ್ತಿಗೆಯನ್ನೂ ಮಕ್ಕಳನ್ನೂ ಕರೆಸಿಕೊಳ್ಳಿ. ನಿಮ್ಮ ಜಿಲ್ಲೆಯಲ್ಲೇ ರಾಮನಾಥಪುರದಲ್ಲಿ ಕಾವೇರಿ ಇದೆ. ಹತ್ತು ಜನ ಸಾಕು. ನಿಮ್ಮ ಮಗಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಮಾವನಿಗೆ ಏನಾದರೂ ಕೊಡುವುದಿದೆಯೇ ಎಂದು ಹಿಂದಿನ ದಿನ ಅವಳನ್ನು ಕೇಳಿ. ಮಡಕೆಯನ್ನು ನೀರಿಗೆ ಬಿಡುವ ಮುಂಚೆ ಒಂದು ಗಳಿಗೆ ನಿಮ್ಮ ತಾಯಿಯ ಮಡಿಲಿಗೆ ಕೊಡಿ.